ಕಾಂಬುಕೆ ಮಾತ್ರ

ಕಳೆದ ಸೆಮಿಸ್ಟರ್‌ನ ಕೊನೇ ಇಂಟರ್ನಲ್ಸ್ ಮುಗಿದ ದಿನ ನಮ್ಮ ಹಾಸ್ಟೆಲ್ ಫ್ಲೋರಿನ ಆರು ಜನ ಸೇರಿ ಬೆಂಗಳೂರಿನ ಒಂದು ಮಾಲಿಗೆ ಹೋಗಿದ್ವಿ. ಒಳಗೆ ಕಾಲಿಟ್ಟ ಕೂಡಲೇ ಐದು ಜನ ಐದು ದಿಕ್ಕಿಗೆ ಹೋದರು. ನಾನು ಸೀದಾ ಹೋಗಿ ಎಸ್ಕಲೇಟರ್ ಪಕ್ಕದ ಬೆಂಚಿನ ಮೇಲೆ ಕೂತೆ. ಬೇಕೂಂತ ಮಾಡಿದ್ದಲ್ಲ, ಕಾಲು ತಾನಾಗಿಯೇ ಆ ಕಡೆ ಹೋಯಿತು.

"ಏ, ಬಂದು ಐದು ನಿಮಿಷ ಆಗಿಲ್ಲ, ಆಗ್ಲೇ ಕೂತ್ಬಿಟ್ಯಲ್ಲೇ! ದುಬೈಯಲ್ಲಿ ಬೆಳೆದವಳು ಅಂತೀಯ, ಶಾಪಿಂಗ್ ಮಾಡೋಕೆ ಬರಲ್ವಾ ನಿಂಗೆ?" ಅಂತ ರೂಮ್‌ಮೇಟ್ ನಕ್ಕಳು.

ನಾನು ಬೆಳೆದದ್ದು ದುಬೈಯಲ್ಲಲ್ಲ, ಷಾರ್ಜಾದಲ್ಲಿ. ಎರಡಕ್ಕೂ ಏನು ವ್ಯತ್ಯಾಸ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿದ್ದವರಿಗೆ ಮಾತ್ರ ಗೊತ್ತು. ದುಬೈಯಲ್ಲಿ ಕೆಲಸ, ಷಾರ್ಜಾದಲ್ಲಿ ಮನೆ ಅಂದರೆ ಬಾಡಿಗೆಯ ಲೆಕ್ಕ ಅಂತ ಅರ್ಥ. ಇನ್ನು ಶಾಪಿಂಗ್ ವಿಷಯ. ವಾರಕ್ಕೊಮ್ಮೆ ತಪ್ಪದೆ ಮಾಲಿಗೆ ಹೋಗುತ್ತಿದ್ದ ನಮ್ಮ ಮನೆಯಲ್ಲಿ ಆ ಶಬ್ದವನ್ನೇ ಯಾರೂ ಬಳಸುತ್ತಿರಲಿಲ್ಲ. ಅಮ್ಮ ಹೇಳುತ್ತಿದ್ದದ್ದು "ಕೂತ್ಕಂಡ್ ಬಪ್ಪ" ಅಂತ. ಅಂದರೆ, ಹೋಗಿ ಕೂತು ಬರೋಣ.

ನಮ್ಮೂರು ಕುಂದಾಪುರದ ಹತ್ತಿರ. ಅಪ್ಪಯ್ಯ ಎಸಿ ಮೆಕ್ಯಾನಿಕ್ ಆಗಿ ಗಲ್ಫಿಗೆ ಹೋದವರು ಫೋರ್‌ಮನ್ ಆದಮೇಲೆ ನಮ್ಮನ್ನು ಕರೆಸಿಕೊಂಡರು. ಆಗಿನ ನಿಯಮದ ಪ್ರಕಾರ ಕುಟುಂಬ ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4,000 ದಿರ್ಹಂ ಸಂಬಳ ಇರಬೇಕು, ಅಥವಾ 3,000 ಮತ್ತು ಕಂಪನಿಯ ಮನೆ. ಅಪ್ಪಯ್ಯನ ಸಂಬಳ ಆ ಗೆರೆಯನ್ನು ದಾಟಿದ ತಿಂಗಳೇ ನಮ್ಮ ವೀಸಾಕ್ಕೆ ಅರ್ಜಿ ಹಾಕಿದ್ದರಂತೆ. ನನಗಾಗ ನಾಲ್ಕು ವರ್ಷ. ತಮ್ಮ ಹುಟ್ಟಿದ್ದು ಅಲ್ಲೇ.

ಅಲ್ ನಹ್ದಾದ ಒಂದು ಹಳೆ ಬಿಲ್ಡಿಂಗಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಒಂದು ರೂಮು ನಮ್ಮದು, ಇನ್ನೊಂದು ಕೇರಳದ ಒಂದು ಕುಟುಂಬದ್ದು. ಅಡುಗೆಮನೆ ಇಬ್ಬರಿಗೂ ಒಂದೇ. ಆ ಮನೆಯ ಆಂಟಿ ನರ್ಸು, ಹೆಚ್ಚಾಗಿ ರಾತ್ರಿ ಪಾಳಿ. ಹಾಗಾಗಿ ಹಗಲು ಹೊತ್ತು ನಾವು ಓಡಬಾರದು, ಕೂಗಬಾರದು, ಚೆಂಡು ಪುಟಿಸಬಾರದು. ಆಂಟಿ ಒಂದು ದಿನವೂ ಗದರಿದವರಲ್ಲ. ಅದಕ್ಕೇ ಅಮ್ಮನಿಗೆ ಇನ್ನೂ ಸಂಕೋಚ. ಅವರು ಮಲಗಿದ್ದಾಗ ಕುಕ್ಕರನ್ನೂ ಇಡುತ್ತಿರಲಿಲ್ಲ. ನಾಲ್ಕು ವರ್ಷದ ಗಂಡು ಹುಡುಗನನ್ನು ಒಂದು ಮಂಚ, ಒಂದು ಕಪಾಟು, ಒಂದು ವಿಂಡೋ ಎಸಿ ಇರುವ ಕೋಣೆಯಲ್ಲಿ ಇಡೀ ದಿನ ಸದ್ದಿಲ್ಲದೆ ಇಡೋದು ಅಂದರೆ ಏನು ಅಂತ ಯೋಚಿಸಿ.

ಹೊರಗೆ ಬಿಡೋಣ ಅಂದರೆ ಬಿಸಿಲು. ಪಾರ್ಕೇನೋ ಇತ್ತು, ಆದರೆ ಜುಲೈ ತಿಂಗಳಲ್ಲಿ ಜಾರುಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ನೇರ ಬಿಸಿಲಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದು ಅಂತ ಅಲ್ಲಿ ಕಾನೂನೇ ಇದೆ. ದೊಡ್ಡ ಗಂಡಸರನ್ನೇ ನೆರಳಿಗೆ ಕಳಿಸುವ ಬಿಸಿಲಲ್ಲಿ ಮಕ್ಕಳನ್ನು ಆಡಿಸುವುದು ಎಲ್ಲಿ?

ಹಾಗಾಗಿ ಮಾಲು. ಆಗ ಶುಕ್ರವಾರ ರಜೆ. (2022ರ ಜನವರಿಯಿಂದ ದುಬೈಯಲ್ಲಿ ವಾರಾಂತ್ಯ ಶನಿವಾರ-ಭಾನುವಾರಕ್ಕೆ ಬದಲಾಗಿದೆ. ನನ್ನ ತಲೆಯಲ್ಲಿ ಮಾತ್ರ ಶುಕ್ರವಾರ ಅಂದರೆ ಈಗಲೂ ರಜೆಯೇ. ಶುಕ್ರವಾರದ ಲ್ಯಾಬಿಗೆ ನಾನು ಯಾಕೆ ತಡ ಅಂತ ಕೇಳುವವರಿಗೆ ಇದೇ ಉತ್ತರ.) ಮಧ್ಯಾಹ್ನದ ಊಟ ಆಗಿ, ಅಪ್ಪಯ್ಯ ವಾರದ ನಿದ್ದೆಯನ್ನೆಲ್ಲ ಒಟ್ಟಿಗೆ ಮುಗಿಸಿ ಎದ್ದು, "ಹೋಪನಾ?" ಅಂದರೆ ತಮ್ಮ ಆಗಲೇ ಶೂ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿರುತ್ತಿದ್ದ. ಅಮ್ಮನ ಚೀಲದಲ್ಲಿ ಚಪಾತಿ ರೋಲು, ಹುರಿದ ಅವಲಕ್ಕಿ, ಎರಡು ಬಾಟಲಿ ನೀರು. ಹತ್ತಿರದ ಸಹಾರಾ ಸೆಂಟರಿಗಾದರೆ ನಡೆದೇ ಹೋಗುತ್ತಿದ್ವಿ. ಒಂದು ಬಿಲ್ಡಿಂಗಿನ ನೆರಳಿನಿಂದ ಮುಂದಿನ ಬಿಲ್ಡಿಂಗಿನ ನೆರಳಿಗೆ ಓಡುತ್ತಾ, ಮಳೆಗಾಲದಲ್ಲಿ ನಮ್ಮೂರಲ್ಲಿ ಒಂದು ಅಂಗಡಿ ಜಗಲಿಯಿಂದ ಇನ್ನೊಂದಕ್ಕೆ ಓಡಿದ ಹಾಗೆ.

ಆಟಿಕೆ ಅಂಗಡಿಗೆ ಒಂದು ಕಾಯಿದೆ ಇತ್ತು: ಕಾಂಬುಕೆ ಮಾತ್ರ. ನೋಡೋಕೆ ಮಾತ್ರ. ಮುಟ್ಟಬಹುದು, ಡೆಮೊಗೆ ಇಟ್ಟಿದ್ದರೆ ಆಡಬಹುದು, ಬೆಲೆಯ ಚೀಟಿಯನ್ನೂ ಓದಬಹುದು. ನಾನು ಹದಿನೆಂಟರ ಮಗ್ಗಿ ಕಲಿತದ್ದು ಹಾಗೆಯೇ. ದಿರ್ಹಮನ್ನು ಹದಿನೆಂಟರಿಂದ ಗುಣಿಸಿದರೆ ರೂಪಾಯಿ. ಗುಣಿಸಿದ ಮೇಲೆ ಯಾವುದನ್ನೂ ಕೇಳುವ ಮನಸ್ಸು ಉಳಿಯುತ್ತಿರಲಿಲ್ಲ. ಅಪ್ಪಯ್ಯನ ತಂತ್ರವೇ ಅದಿರಬೇಕು.

ಎರಡು ತಿಂಗಳಿಗೊಮ್ಮೆ ದುಬೈ ಮಾಲ್. ಷಾರ್ಜಾದಿಂದ ಯೂನಿಯನ್ ಸ್ಟೇಷನ್ನಿಗೆ ಬಸ್ಸು, ಅಲ್ಲಿಂದ ಮೆಟ್ರೋ. ಐದು ವರ್ಷ ತುಂಬದ ತಮ್ಮನಿಗೆ ಟಿಕೆಟ್ ಇಲ್ಲ, ಅದೊಂದು ಖುಷಿ. ಸ್ಟೇಷನ್ನಿನಿಂದ ಮಾಲಿಗೆ ಸುಮಾರು 800 ಮೀಟರ್ ಉದ್ದದ ಎಸಿ ಸೇತುವೆ. ಚಲಿಸುವ ನೆಲದ ಮೇಲೆ ನಿಂತು ಹೋಗುವುದೇ ತಮ್ಮನ ಪಾಲಿಗೆ ಜಾತ್ರೆಯ ತೊಟ್ಟಿಲು. ಕೆಲವು ಸಲ ಆ ಸೇತುವೆಯಲ್ಲೇ ಮೂರು ಸಲ ಹೋಗಿ ಬಂದದ್ದಿದೆ. ಒಳಗೆ ಮೀನಿನ ತೊಟ್ಟಿ. ಒಂದು ಕೋಟಿ ಲೀಟರ್ ನೀರು, ಶಾರ್ಕು, ಬುಟ್ಟಿಯಷ್ಟಗಲದ ತಿರಂಡಿಗಳು. ಒಳಗಿನ ಸುರಂಗಕ್ಕೆ ಹೋಗಲು ಟಿಕೆಟ್ ಬೇಕು, ಆದರೆ ಮುಂದೆ ನಿಂತು ನೋಡಲು ದುಡ್ಡಿಲ್ಲ. ನಾವು ಸುರಂಗದೊಳಗೆ ಒಮ್ಮೆಯೂ ಹೋಗಲಿಲ್ಲ. ಹೊರಗೆ ನೆಲದ ಮೇಲೆ ಕೂತು ಒಂದೊಂದು ಗಂಟೆ ನೋಡಿದ್ದೇವೆ.

"ಇದ್ ಗಾಜಲ್ಲ, ಅಕ್ರಿಲಿಕ್" ಅನ್ನುತ್ತಿದ್ದರು ಅಪ್ಪಯ್ಯ. 32.88 ಮೀಟರ್ ಅಗಲ, 8.3 ಮೀಟರ್ ಎತ್ತರ, 75 ಸೆಂಟಿಮೀಟರ್ ದಪ್ಪ. ಮುಕ್ಕಾಲು ಮೀಟರ್ ದಪ್ಪದ ಹಲಗೆಯ ಆ ಕಡೆ ಶಾರ್ಕು, ಈ ಕಡೆ ತಮ್ಮನ ಮೂಗು. ನೀರಿನ ಒತ್ತಡ ಆಳವನ್ನು ನೋಡುತ್ತದೆ, ಒಟ್ಟು ನೀರು ಎಷ್ಟಿದೆ ಅಂತ ನೋಡುವುದಿಲ್ಲ ಅನ್ನೋದನ್ನು ಮೂರನೇ ಸೆಮಿಸ್ಟರ್‌ನ ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಸರ್ ಬೋರ್ಡ್ ಮೇಲೆ ಬರೆದಾಗ ನನಗೆ ಕಂಡದ್ದು ಆ ಮೂಗಿನ ಗುರುತು.

ನಿಜ ಹೇಳಬೇಕಂದರೆ ಅಪ್ಪಯ್ಯ ಮಾಲಿನಲ್ಲಿ ಅಂಗಡಿ ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಯಾವಾಗಲೂ ಮೇಲೆ, ಸೀಲಿಂಗಿನಲ್ಲಿ. ಯಾವ ಡಿಫ್ಯೂಸರಿನಿಂದ ಗಾಳಿ ಬರುತ್ತಿದೆ, ವಾಪಸ್ ಗಾಳಿ ಎಲ್ಲಿ ಎಳೆದುಕೊಳ್ಳುತ್ತಿದೆ, ಎಲ್ಲಿ ಡಕ್ಟಿನ ಇನ್ಸುಲೇಶನ್ ಬಿಟ್ಟು ನೀರು ಸೋರಿ ಕಲೆಯಾಗಿದೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು "ಕೈ ಮೇಲ್ ಮಾಡ್. ಗಾಳಿ ಬತ್ತಾ?" ಅಂತ ಕೇಳುತ್ತಿದ್ದರು. ಬಾಗಿಲ ಹತ್ತಿರ ನಿಲ್ಲಿಸಿ ತೋರಿಸುತ್ತಿದ್ದರು: ಒಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ಒಂಚೂರು ಹೆಚ್ಚೇ ಇಟ್ಟಿರುತ್ತಾರೆ, ಬಾಗಿಲು ತೆಗೆದಾಗ ತಂಪು ಹೊರಗೆ ಹೋಗಬೇಕೇ ಹೊರತು ಬಿಸಿ ಒಳಗೆ ಬರಬಾರದು. ಬಾಗಿಲಲ್ಲಿ ಮುಖಕ್ಕೆ ಹೊಡೆಯುತ್ತಿದ್ದ ಆ ಗಾಳಿ ಸ್ವಾಗತಕ್ಕೆ ಅಂತ ನಾನು ತಿಳಿದಿದ್ದೆ. ಇಬ್ನ್ ಬತೂತಾ ಮಾಲಿನ ಇಂಡಿಯಾ ಕೋರ್ಟಿನಲ್ಲಿ ಅಲ್-ಜಝರಿಯ ಆನೆ ಗಡಿಯಾರದ ಮಾದರಿ ಇದೆ. 1206ರ ಅವನ ಪುಸ್ತಕದಲ್ಲಿ ಅದರ ವಿವರ ಬರುತ್ತದೆ. ಆನೆಯ ಹೊಟ್ಟೆಯೊಳಗೆ ನೀರು, ನೀರಿನ ಮೇಲೆ ತೂತಿನ ಬೋಗುಣಿ. ಅದು ತುಂಬಿ ಮುಳುಗಲು ಅರ್ಧ ಗಂಟೆ. ಮುಳುಗಿದಾಗ ಹಗ್ಗ ಎಳೆದು ಮೇಲಿನ ಗೊಂಬೆಗಳೆಲ್ಲ ಕುಣಿಯಬೇಕು. ಇದನ್ನು ಅಪ್ಪಯ್ಯ ಅಮ್ಮನಿಗೆ ವಿವರಿಸಿದ್ದು ಪೂರ್ತಿ ಅರ್ಧ ಗಂಟೆ. ಅಮ್ಮ ಕೊನೆಯಲ್ಲಿ ಕೇಳಿದ್ದು, "ಹ್ವಾಯ್, ಇಲ್ಲ್ ಟಾಯ್ಲೆಟ್ ಎಲ್ಲ್ ಇತ್ತ್?"

ನಾನು ಮೆಕ್ಯಾನಿಕಲ್ ತಗೊಂಡದ್ದು ಯಾಕೆ ಅಂತ ಕೌನ್ಸೆಲಿಂಗಿನಿಂದ ಹಿಡಿದು ಇಲ್ಲಿಯವರೆಗೆ ಎಲ್ಲರೂ ಕೇಳಿದ್ದಾರೆ. "ಇಂಟರೆಸ್ಟ್ ಸರ್" ಅಂತ ಹೇಳಿ ಮುಗಿಸಿದ್ದೇನೆ. ಇಷ್ಟುದ್ದದ ಕತೆಯನ್ನು ಯಾರಿಗೆ ಹೇಳೋದು?

ಈಗ ಹೇಳಬೇಕಾಗಿದ್ದ ವಿಷಯಕ್ಕೆ ಬರುತ್ತೇನೆ.

2016. ನಾನು ಆರನೇ ಕ್ಲಾಸು, ತಮ್ಮನಿಗೆ ನಾಲ್ಕು ದಾಟಿತ್ತು. ಆ ವರ್ಷ ಬೇಸಿಗೆ ಶುರುವಾಗುತ್ತಿದ್ದ ಹಾಗೆ ನಾವು ದಿನಾ ಮಾಲಿಗೆ ಹೋಗಲು ಶುರುಮಾಡಿದೆವು. ಶುಕ್ರವಾರ ಮಾತ್ರವಲ್ಲ, ದಿನಾ. ಅಪ್ಪಯ್ಯ ಸಂಜೆ ಬೇಗನೆ ಬರುತ್ತಿದ್ದರು, ಆರೂವರೆಗೆಲ್ಲ ರೂಮಿನ ಎಸಿ ಆಫ್ ಮಾಡಿ ಬಾಗಿಲು ಹಾಕಿಕೊಂಡು ಹೊರಡುವುದು, ರಾತ್ರಿ ಹತ್ತು ಗಂಟೆಗೆ, ಮಾಲಿನ ಅಂಗಡಿಗಳು ಶಟರ್ ಎಳೆಯಲು ಶುರುಮಾಡಿದಾಗ ವಾಪಸ್. ಹೋಂವರ್ಕನ್ನು ನಾನು ಫುಡ್‌ಕೋರ್ಟಿನ ಮೇಜಿನ ಮೇಲೆ ಮಾಡುತ್ತಿದ್ದೆ. ಕ್ಲಾಸಿನಲ್ಲಿ "ನಾವು ಎವ್ರಿಡೇ ಮಾಲಿಗೆ ಹೋಗ್ತೀವಿ" ಅಂತ ಕೊಚ್ಚಿಕೊಂಡಿದ್ದೆ. ನನ್ನ ಬಾಲ್ಯದಲ್ಲಿ ಅತಿ ಖುಷಿಯ ದಿನ ಯಾವುವು ಅಂತ ಯಾರಾದರೂ ಕೇಳಿದ್ದರೆ ಎರಡನೇ ಪಿಯುಸಿವರೆಗೂ ಆ ಮೂರು ತಿಂಗಳುಗಳನ್ನೇ ಹೇಳುತ್ತಿದ್ದೆ.

ಆಗಲೇ ಅಮ್ಮ ಒಂದು ಹೊಸ ಆಟವನ್ನೂ ಕಂಡುಹಿಡಿದಿದ್ದರು. ಹೈಪರ್‌ಮಾರ್ಕೆಟಿನಲ್ಲಿ ಟ್ರಾಲಿ ತಗೊಂಡು, ತಮ್ಮನನ್ನು ಅದರಲ್ಲಿ ಕೂರಿಸಿ, ಬೇಕುಬೇಕಾದದ್ದನ್ನೆಲ್ಲ ತುಂಬುವುದು. ಚಾಕೊಲೇಟ್ ಬಿಸ್ಕೆಟ್, ಚೀಸು, ದೊಡ್ಡ ಡಬ್ಬಿ ಐಸ್‌ಕ್ರೀಮು, ತಮ್ಮ ಬೆರಳು ತೋರಿಸಿದ ಕಾರು. ಇಡೀ ಅಂಗಡಿ ಸುತ್ತಿ ಬಂದ ಮೇಲೆ ಆಟದ ಎರಡನೇ ಭಾಗ, ವಾಪಸ್ ಇಡುವುದು. ಯಾವ ವಸ್ತು ಯಾವ ಸಾಲಿನಲ್ಲಿ, ಯಾವ ಅರೆಯಲ್ಲಿ ಇತ್ತು ಅಂತ ನೆನಪಿಟ್ಟು ಸರಿಯಾದ ಜಾಗದಲ್ಲಿ ಇಟ್ಟರೆ ಒಂದು ಪಾಯಿಂಟು. ಮೊದಲು ಐಸ್‌ಕ್ರೀಮು ಇಡಬೇಕು, ಕರಗುತ್ತದಲ್ಲ. ತಮ್ಮ ಇದರಲ್ಲಿ ಎತ್ತಿದ ಕೈ. ಅಕ್ಷರ ಓದಲು ಬಾರದಿದ್ದರೂ ಬಣ್ಣ ನೋಡಿ ಪ್ರತಿಯೊಂದನ್ನೂ ಸರಿಯಾದ ಜಾಗಕ್ಕೆ ಓಡಿ ಇಟ್ಟು ಬರುತ್ತಿದ್ದ. ಕೊನೆಗೆ ಕೌಂಟರಿಗೆ ಬರುವಾಗ ಟ್ರಾಲಿಯಲ್ಲಿ ಉಳಿಯುತ್ತಿದ್ದದ್ದು ಒಂದು ದಿರ್ಹಮಿನ ಖುಬ್ಬೂಸ್ ಪ್ಯಾಕೆಟ್ಟು, ಮೊಸರು, ಈರುಳ್ಳಿ.

ಜುಲೈಯಲ್ಲಿ ಸ್ಕೂಲಿಗೆ ರಜೆ ಬಿಟ್ಟ ವಾರವೇ ಅಮ್ಮ, ನಾನು, ತಮ್ಮ ಊರಿಗೆ ಬಂದೆವು. ಪ್ರತಿವರ್ಷದ ಹಾಗೆ ರಜೆಗೆ ಅಂದುಕೊಂಡಿದ್ದೆ. ಆಗಸ್ಟ್ ಕೊನೆಗೆ ವಾಪಸ್ ಹೊರಡುವ ಬದಲು ಅಜ್ಜಿ ಮನೆ ಹತ್ತಿರದ ಶಾಲೆಗೆ ನನ್ನ ಹೆಸರು ಹಚ್ಚಿದರು.

ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಸರಿಯಾಗಿ ಕೇಳಲಿಲ್ಲ. ಗೊತ್ತಾದದ್ದು ಇಂಜಿನಿಯರಿಂಗ್ ಸೇರುವ ಹೊತ್ತಿಗೆ. ಫೀಸಿನ ದುಡ್ಡು ಹೊಂದಿಸುತ್ತಾ ಅಮ್ಮ ಪಾಸ್‌ಬುಕ್ ಹಿಡಿದು ಕೂತಿದ್ದರು. ನಾನು ಬಾಯಿ ತಪ್ಪಿ, "ಆಗೆಲ್ಲ ಅಪ್ಪಯ್ಯನ ಹತ್ರ ಎಷ್ಟ್ ದುಡ್ಡಿತ್ತಲ್ಲಮ್ಮ, ದಿನಾ ಮಾಲಿಗೆ ಕರ್ಕೊಂಡು ಹೋಗ್ತಿದ್ರು" ಅಂದೆ. ಅಮ್ಮ ಮೊದಲು ನಕ್ಕರು. ಆಮೇಲೆ ಪಾಸ್‌ಬುಕ್ ಕೆಳಗಿಟ್ಟು ಹೇಳಿದರು.

ಆ ಐದು ತಿಂಗಳು ಕಂಪನಿ ಸಂಬಳವನ್ನೇ ಕೊಟ್ಟಿರಲಿಲ್ಲ. ಸೈಟುಗಳು ನಿಂತಿದ್ದವು. ಅಪ್ಪಯ್ಯ ಬೇಗ ಮನೆಗೆ ಬರುತ್ತಿದ್ದದ್ದು ಕೆಲಸ ಇಲ್ಲದ್ದಕ್ಕೆ. ರೂಮಿನ ಎಸಿ ಸಂಜೆಯಿಂದ ರಾತ್ರಿವರೆಗೆ ಬಂದ್ ಇದ್ದರೆ ಕರೆಂಟ್ ಬಿಲ್ಲಿನಲ್ಲಿ ನಮ್ಮ ಪಾಲು ಅಷ್ಟು ಕಡಿಮೆ. ಅದೊಂದೇ ಕಾರಣವೂ ಅಲ್ಲ. ಫ್ಲ್ಯಾಟನ್ನು ಮೂಲತಃ ಬಾಡಿಗೆಗೆ ಪಡೆದು ನಮಗೆ ಒಳಬಾಡಿಗೆಗೆ ಕೊಟ್ಟಿದ್ದವರು ಸಂಜೆ ಏಳು ಗಂಟೆ ಮೇಲೆ ದುಡ್ಡು ಕೇಳಲು ಬರುತ್ತಿದ್ದರು. ಮಕ್ಕಳ ಎದುರು ಅವರ ಹತ್ತಿರ ಮಾತು ಕೇಳಿಸಿಕೊಳ್ಳುವುದು ಅಪ್ಪಯ್ಯನಿಗೆ ಆಗುತ್ತಿರಲಿಲ್ಲ. ಹಾಗಾಗಿ ಆರೂವರೆಗೇ ಹೊರಡುವುದು. ಅಪ್ಪಯ್ಯ ಬೆಳಿಗ್ಗೆ ತಾವೇ ಅವರ ಆಫೀಸಿಗೆ ಹೋಗಿ ನಿಂತು ಅವಧಿ ಕೇಳಿ ಬರುತ್ತಿದ್ದರಂತೆ.

"ಮತ್ತೆ ಆ ಟ್ರಾಲಿ ಆಟ?"

"ತಮ್ಮ ಅದು ಬೇಕ್ ಇದು ಬೇಕ್ ಅಂತಿದ್ದ. ಬೇಡ ಅಂದ್ರೆ ಅಲ್ಲೇ ಬಿದ್ದ್ ಹೊರಳ್ತಿದ್ದ. ಹಾಕುಕೆ ಬೇಡ ಅಂಬುಕಿಂತ, ಹಾಕಿ ತೆಗುದ್ ಸುಲಭ ಆಯ್ತ್" ಅಂದರು ಅಮ್ಮ, ಅಡುಗೆ ವಿಷಯ ಹೇಳಿದಷ್ಟೇ ಸಹಜವಾಗಿ.

ನನಗೆ ಆಗ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಅತಿ ಖುಷಿಯ ಮೂರು ತಿಂಗಳನ್ನು ಯಾರೋ ಟ್ರಾಲಿಯಿಂದ ತೆಗೆದು ವಾಪಸ್ ಇಟ್ಟ ಹಾಗೆ. ಹೇಳಬಾರದಿತ್ತಾ, ಹನ್ನೊಂದು ವರ್ಷ ಆಗಿತ್ತಲ್ಲ ನನಗೆ ಅಂತಲೂ ಕೇಳಿದೆ. "ಹೇಳಿದ್ರೆ ನೀ ಎಂತ ಮಾಡ್ತಿದ್ದಿ?" ಅಂದರು. ಏನೂ ಮಾಡುತ್ತಿರಲಿಲ್ಲ. ಕ್ಲಾಸಿನಲ್ಲಿ ಕೊಚ್ಚಿಕೊಳ್ಳುವುದನ್ನು ನಿಲ್ಲಿಸುತ್ತಿದ್ದೆ, ಅಷ್ಟೇ. ಅಪ್ಪ ಅಮ್ಮ ಮಾಡಿದ್ದು ಸರಿಯೋ ತಪ್ಪೋ ಅಂತ ನನಗೆ ಈಗಲೂ ಪೂರ್ತಿ ಗೊತ್ತಿಲ್ಲ. ತಮ್ಮನ ವಿಷಯಕ್ಕೆ ಬಂದರೆ ಇನ್ನೂ ಗೊತ್ತಿಲ್ಲ.

ಯಾಕಂದರೆ, ಊರಿಗೆ ಬಂದ ಹೊಸತರಲ್ಲಿ ಅಜ್ಜಿ ಅವನನ್ನು ಕುಂದಾಪುರದ ಸಂತೆಗೆ ಕರೆದುಕೊಂಡು ಹೋಗಿದ್ದರು. ನಾನೂ ಜೊತೆಗಿದ್ದೆ. ಸಂತೆಗೆ ಹೋದ ಮಕ್ಕಳು ಕಂಡದ್ದೆಲ್ಲ ಕೇಳಬೇಕು, ಅಜ್ಜಿಯಂದಿರು ಬೈಯಬೇಕು, ಬೈದು ಕೊಡಿಸಬೇಕು. ಅದು ಸಂಪ್ರದಾಯ. ಇವನು ಒಂದನ್ನೂ ಕೇಳಲಿಲ್ಲ. ಎಲ್ಲವನ್ನೂ ಕಣ್ಣರಳಿಸಿ ನೋಡಿದ, ಮುಟ್ಟಿದ, ಮುಂದೆ ಹೋದ. "ಈ ಹೈದ ಎಂತಕೆ ಎಂತದೂ ಕೇಂತಿಲ್ಲ?" ಅಂತ ಅಜ್ಜಿಗೆ ಬೇಜಾರು. ಕೊನೆಗೆ ಅವರೇ ಒಂದು ಕೆಂಪು ಪ್ಲಾಸ್ಟಿಕ್ ಬಸ್ಸು ಆರಿಸಿ, ಚೌಕಾಶಿ ಮಾಡಿ, ಮೂವತ್ತು ರೂಪಾಯಿ ಕೊಟ್ಟು ಅವನ ಕೈಗಿಟ್ಟರು. ಅವನು ಅದನ್ನು ಹಿಡಿದುಕೊಂಡು ಇಡೀ ಸಂತೆ ಸುತ್ತಿದ. ತರಕಾರಿ ಆಯಿತು, ಒಣಮೀನಿನ ಸಾಲು ಆಯಿತು. ಇನ್ನೇನು ಹೊರಡಬೇಕು ಅನ್ನುವಾಗ ನೋಡಿದರೆ ಇವನಿಲ್ಲ. ಅಜ್ಜಿ ಬೊಬ್ಬೆ ಹೊಡೆದರು. ನಾನು ಓಡಿದೆ.

ಅವನು ಆಟಿಕೆಯವನ ಮುಂದೆ ನಿಂತಿದ್ದ. ಬಸ್ಸನ್ನು ಎಲ್ಲಿಂದ ತೆಗೆದಿದ್ದರೋ ಅಲ್ಲಿಗೇ, ನೀಲಿ ಬಸ್ಸಿನ ಪಕ್ಕಕ್ಕೆ, ನೇರವಾಗಿ ಜೋಡಿಸಿ ಇಟ್ಟಿದ್ದ. ಅಂಗಡಿಯವ ಏನೂ ಅರ್ಥವಾಗದೆ ಇವನ ಮುಖ ನೋಡುತ್ತಿದ್ದ. ನನ್ನನ್ನು ಕಂಡವನೇ ತಮ್ಮ ಕೈ ಎತ್ತಿ ಹೇಳಿದ, "ಅಕ್ಕ, ಒಂದ್ ಪಾಯಿಂಟ್!"

ಬಸ್ಸನ್ನು ಮನೆಗೆ ತರಲು ಅಂಗಡಿಯವನ ಹತ್ತಿರ ಮತ್ತೆ ಕೇಳಬೇಕಾಯಿತು. ಅವನು ದುಡ್ಡು ಕೇಳದೆ ಕೊಟ್ಟ, ಪುಣ್ಯಾತ್ಮ. ತಮ್ಮನಿಗೆ ಈಗ ಹದಿಮೂರು. ಈ ಕತೆ ಹೇಳಿದರೆ ನಾಚಿಕೊಳ್ಳುತ್ತಾನೆ. ಇಂದಿಗೂ ಏನಾದರೂ ಬೇಕಿದ್ದರೆ ಬಾಯಿಬಿಟ್ಟು ಕೇಳುವವನಲ್ಲ. ಮೊಬೈಲ್ ಸ್ಕ್ರೀನ್‌ಶಾಟ್ ಕಳಿಸಿ ಸುಮ್ಮನಿರುತ್ತಾನೆ.

ಅಪ್ಪಯ್ಯ ಅಲ್ಲೇ ಉಳಿದರು. ಬೇರೆ ಕಂಪನಿ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ, ಕುಟುಂಬದ ವೀಸಾದ ಗೆರೆಗಿಂತ ಕೆಳಗೆ. ಅಲ್ಲಿ ಹೀಗೆ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಇರುವವರನ್ನು 'ಬ್ಯಾಚುಲರ್' ಅನ್ನುತ್ತಾರೆ. ಮದುವೆಯಾಗಿ ಎಷ್ಟೇ ವರ್ಷ ಆಗಿರಲಿ, ಆರು ಜನರ ರೂಮಿನಲ್ಲಿ ಒಂದು ಮಂಚದ ಜಾಗ ಬಾಡಿಗೆಗೆ ಹಿಡಿದರೆ ಬ್ಯಾಚುಲರ್ರೇ. ಒಮ್ಮೆ ರಜೆಗೆ ಬಂದಾಗ ನಾನು ಕೇಳಿದ್ದೆ, ಈಗಲೂ ಮಾಲಿಗೆ ಹೋಗ್ತೀರಾ ಅಂತ. "ಒಬ್ನೇ ಹೋಯಿ ಎಂತ ಮಾಡುದ್? ಬೆಂಚಿನ್ ಮೇಲೆ ಕೂಕಂಡ್ರೆ ಎಲ್ಲ ನನ್ನನ್ನೇ ಕಾಂತ್ರ್ ಅನ್ಸತ್ತ್. ಆಗ ನೀವಿದ್ರಿ. ಮಕ್ಕಳಿದ್ರೆ ಎಷ್ಟ್ ಹೊತ್ತ್ ಕೂಕಂಡ್ರೂ ಯಾರ್ ಕೇಂತ್ರ್?" ಅಂದರು.

ಅಲ್ಲಿಯವರೆಗೆ ನಮ್ಮನ್ನು ಅವರು ಕರೆದುಕೊಂಡು ಹೋಗುತ್ತಿದ್ದರು ಅಂತಲೇ ನಾನು ತಿಳಿದಿದ್ದೆ.

ಮೊನ್ನೆ ಬೆಂಗಳೂರಿನ ಆ ಮಾಲಿನ ಬೆಂಚಿನಲ್ಲಿ ಕೂತು ಇದೆಲ್ಲ ನೆನಪಾಗಿ ತಲೆ ಎತ್ತಿದೆ. ಸರಿಯಾಗಿ ನನ್ನ ಮೇಲೆಯೇ ಒಂದು ಚೌಕದ ಡಿಫ್ಯೂಸರ್, ಸುತ್ತಲೂ ಸೀಲಿಂಗಿನ ಮೇಲೆ ಕಪ್ಪು ಧೂಳಿನ ಪಟ್ಟೆ. ಎದುರಿನ ಮೆಟ್ಟಿಲಲ್ಲಿ ಒಬ್ಬರು ಅಮ್ಮ ಮಗುವಿಗೆ ಡಬ್ಬಿಯಿಂದ ಚಿತ್ರಾನ್ನ ತಿನ್ನಿಸುತ್ತಿದ್ದರು, ಅಪ್ಪ ಚೀಲ ಹಿಡಿದು ಸುಮ್ಮನೆ ನಿಂತಿದ್ದರು. ಅವರ ಕೈಯಲ್ಲೂ ಯಾವ ಅಂಗಡಿಯ ಕವರೂ ಇರಲಿಲ್ಲ. ನಾನು ಡಿಫ್ಯೂಸರಿನ ಫೋಟೋ ತೆಗೆದು ಅಪ್ಪಯ್ಯನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. 'ಮಾಲಿನಲ್ಲಿ ಇದ್ದೇನೆ, ಕೂತಿದ್ದೇನೆ' ಅಂತ ಬರೆದೆ.

ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ, ಅವರಿಗೆ ಊಟದ ಹೊತ್ತು. ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜು ಬಂತು. ಹಿಂದೆ ಯಾರೋ ಹಿಂದಿಯಲ್ಲಿ ಕೂಗುತ್ತಿದ್ದರು, ಯಾವುದೋ ಯಂತ್ರ ಗುಂಯ್ ಅನ್ನುತ್ತಿತ್ತು.

"ಫಿಲ್ಟರ್ ತೊಳ್ದ್ ಸುಮಾರ್ ದಿನ ಆಯ್ತ್ ಕಾಂತ್ ಅವ್ರ್. ಕೈ ಮೇಲ್ ಮಾಡಿ ಕಾಣ್, ಗಾಳಿ ಬತ್ತಾ?"

ಫುಡ್‌ಕೋರ್ಟಿನಿಂದ ರೂಮ್‌ಮೇಟ್ ಹೆಸರು ಹಿಡಿದು ಕೂಗುತ್ತಿದ್ದಳು. ನಾನು ಬೆಂಚಿನ ಮೇಲೆ ಹತ್ತಿ ನಿಂತು ಕೈ ಮೇಲೆತ್ತಿದೆ.